ಕೆಳದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸುವ ದಿನ

ಬಿಸಿ ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ ಹಲ್ಲು ಸಿಡಿಯುತ್ತಲೇ ಇದ್ದರೆ, ರಾತ್ರಿ ದಿಂಬಿಗೆ ತಲೆ ಕೊಟ್ಟೊಡನೆ ನೋವು ಏರಿದರೆ, ಹುಳುಕು ನರದವರೆಗೆ ಇಳಿದಿರುವ ಸಂಭವ ಹೆಚ್ಚು. ಆಗ ಬರೀ ಸಿಮೆಂಟ್ ತುಂಬಿಸಿದರೆ ಹಲ್ಲು ಸುಮ್ಮನಾಗದು, ರೂಟ್ ಕೆನಾಲ್ ಬೇಕಾಗುತ್ತದೆ: ಬೇರಿನೊಳಗೆ ನರವಿರುವ ಸಣ್ಣ ಕಾಲುವೆಗಳನ್ನು ಶುದ್ಧಮಾಡಿ ತುಂಬಿ ಮುಚ್ಚುವ ಚಿಕಿತ್ಸೆ ಅದು. ಲವಂಗದೆಣ್ಣೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಮತ್ತೆ ಮತ್ತೆ ಹಚ್ಚಿದರೆ ವಸಡು ಸುಡುತ್ತದೆ.

ಅವತ್ತು ತಿಂಡಿ ತಿಂದೇ ಹೋಗಿ. ಬಾಯಿ ಮರಗಟ್ಟಿದರೆ ಎರಡು-ಮೂರು ಗಂಟೆ ಸರಿಯಾಗಿ ಅಗಿಯಲಾಗದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಚೀಟಿ ಒಯ್ದು ಡಾಕ್ಟರಿಗೆ ತೋರಿಸಿ.

ಕೆಳದವಡೆಗೆ ಇಂಜೆಕ್ಷನ್ ಕೊಡುವುದು ಹಲ್ಲಿನ ಪಕ್ಕಕ್ಕಲ್ಲ, ದವಡೆಯ ಹಿಂದೆ, ನರ ಒಳಹೋಗುವ ಕಡೆಗೆ. ಐದು-ಹತ್ತು ನಿಮಿಷದಲ್ಲಿ ತುಟಿಯ ಆ ಅರ್ಧ ದಪ್ಪಗಾದಂತೆ ಅನಿಸಬೇಕು. ತುಟಿ ಜೋಮು ಹಿಡಿದರೂ ಹಲ್ಲು ಕೊರೆಯುವಾಗ ಚುಳುಕ್ಕೆಂದರೆ ಗಾಬರಿ ಬೇಡ: ಊದಿಕೊಂಡ ನರಕ್ಕೆ ಔಷಧಿ ಬೇಗ ಹತ್ತುವುದಿಲ್ಲ. ಹಲ್ಲು ಕಚ್ಚಿ ತಡೆದುಕೊಳ್ಳಬೇಡಿ, ಕೈ ಎತ್ತಿ. ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ.

ಆಮೇಲೆ ಹಲ್ಲಿನ ಸುತ್ತ ತೆಳು ರಬ್ಬರ್ ಹಾಳೆ ಬಿಗಿಯಬೇಕು. ಎಂಜಲು ಒಳಹೋಗದಂತೆ, ತೊಳೆಯುವ ಔಷಧಿ ಗಂಟಲಿಗಿಳಿಯದಂತೆ ತಡೆಯುವುದು ಅದೇ. ಕೆಲವೆಡೆ ಇದನ್ನು ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ, ಮೊದಲೇ ಕೇಳಿಕೊಳ್ಳಿ. ನಡುವೆ ಮೂಗಿಗೆ ಬಡಿಯುವ ಬ್ಲೀಚಿಂಗ್ ಪೌಡರ್ ವಾಸನೆ ಸೋಡಿಯಂ ಹೈಪೋಕ್ಲೋರೈಟ್‌ನದು. ಒಳಗಿನ ಸತ್ತ ನರವನ್ನು ಕರಗಿಸಿ, ಕ್ರಿಮಿ ಕೊಲ್ಲುವ ನೀರು ಅದು.

ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇರು ಎರಡು, ಕಾಲುವೆ ಮೂರು, ಕೆಲವರಿಗೆ ನಾಲ್ಕು. ಆ ನಾಲ್ಕನೆಯದು ಕಣ್ತಪ್ಪಿದರೆ ಮತ್ತೆ ಕೀವಾಗಬಹುದು. ಕಾಲುವೆ ಉಜ್ಜಲು ಸೂಜಿಯಂಥ ತೆಳು ಅರ, ಅಂದರೆ ಫೈಲ್, ಬಳಸುತ್ತಾರೆ; ಮೊದಲು ಇಳಿಸುವ 10ನೇ ನಂಬರಿನ ಫೈಲ್‌ನ ತುದಿ ಬರೀ 0.1 ಮಿಲಿಮೀಟರ್ ದಪ್ಪ. ತುಟಿಗೆ ಒಂದು ಕೊಕ್ಕೆ ಸಿಕ್ಕಿಸಿ, ಬೀಪ್ ಎನ್ನುವ ಯಂತ್ರದಿಂದ ಬೇರಿನ ಉದ್ದ ಅಳೆಯುತ್ತಾರೆ. ಬೇರಿನ ತುದಿಗೆ ಅರ್ಧದಿಂದ ಒಂದು ಮಿಲಿಮೀಟರ್ ಮೊದಲೇ ನಿಲ್ಲಿಸುವುದು ವಾಡಿಕೆ. ದಾಟಿ ಹೋದರೆ ಕೊಳೆ ಹೊರಗೆ ತಳ್ಳಿ ಮುಂದಿನ ದಿನಗಳಲ್ಲಿ ನೋವು ಹೆಚ್ಚುತ್ತದೆ. ಸೊಟ್ಟ ಬೇರಿನಲ್ಲಿ ಫೈಲ್ ಮುರಿಯುವುದೂ ಉಂಟು. ಮುರಿದಾಕ್ಷಣ ಹಲ್ಲು ಹೋಯಿತೆಂದಲ್ಲ, ಆದರೆ ನಿಮಗೆ ಹೇಳಲೇಬೇಕು.

ಶುದ್ಧವಾಗಿ ಒಣಗಿದ ಕಾಲುವೆಗೆ ಗಟ್ಟಾಪರ್ಚಾ ಎಂಬ ರಬ್ಬರಿನಂಥ ಗುಲಾಬಿ ಕಡ್ಡಿ ತುಂಬುತ್ತಾರೆ. ಕೀವು ಒಸರುತ್ತಿದ್ದರೆ ಅವತ್ತು ತುಂಬದೆ ಒಳಗೆ ಔಷಧಿಯಿಟ್ಟು ತಾತ್ಕಾಲಿಕವಾಗಿ ಮುಚ್ಚಿ ಕಳಿಸುತ್ತಾರೆ. ಬಹಳಷ್ಟು ಜನ ತಪ್ಪುವುದು ಇಲ್ಲೇ: ನೋವು ನಿಂತಿತಲ್ಲ ಎಂದು ಮತ್ತೆ ಬರುವುದೇ ಇಲ್ಲ. ತಾತ್ಕಾಲಿಕ ಸಿಮೆಂಟ್ ಸವೆದು ಎಂಜಲು ಒಳಗಿಳಿದರೆ ಮಾಡಿದ್ದೆಲ್ಲ ನೀರುಪಾಲು.

ಎರಡು-ಮೂರು ದಿನ ಕಚ್ಚಿದರೆ ನೋವಿರುತ್ತದೆ, ಅದು ಸಹಜ. ಅನ್ನ-ಸಾರು, ಮೆತ್ತನೆ ಇಡ್ಲಿಯನ್ನು ಇನ್ನೊಂದು ಕಡೆ ಅಗಿಯಿರಿ. ಕೆನ್ನೆ ಊದುತ್ತ ಹೋದರೆ ಅವತ್ತೇ ಫೋನ್ ಮಾಡಿ. ಜ್ವರ ಬಂದು ನುಂಗಲು, ಉಸಿರಾಡಲು ಕಷ್ಟವಾದರೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಹುಳುಕು ತಿಂದು, ಮೇಲೆ ಕೊರೆದು ಟೊಳ್ಳಾದ ದವಡೆ ಹಲ್ಲು ಒಂದು ಗಟ್ಟಿ ನಿಪ್ಪಟ್ಟಿಗೂ ಸೀಳಬಹುದು. ಬೇರಿನವರೆಗೆ ಸೀಳಿದರೆ ಕೀಳಿಸುವುದೇ ಗತಿ. ಅದಕ್ಕೇ ಹಲ್ಲಿನ ಮೇಲೆ ಗಟ್ಟಿ ಹೊದಿಕೆಯಂತೆ ಕೂರಿಸುವ ಕ್ಯಾಪ್‌ಗೆ ಅಳತೆ ಕೊಡುವ ದಿನವನ್ನು ಕ್ಲಿನಿಕ್ಕಿನಿಂದ ಹೊರಡುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.