ಕಿಕ್ ಬೀಳುವ ಮೊದಲೇ ತಗ್ಗುವ ಬೇಸ್: ಮಿಕ್ಸಿಂಗ್ ಪ್ರಗತಿ ಟಿಪ್ಪಣಿ

ನಿಮಿಷಕ್ಕೆ 120 ಬೀಟ್ ವೇಗದ ಒಂದು ವಾದ್ಯಸಂಗೀತದ ಮಿಕ್ಸ್ ಈಗ ಬೇಸ್ (ತಳಸ್ವರ) ಮತ್ತು ಕಿಕ್‌ಗಳ (ದೊಡ್ಡ ಡ್ರಮ್‌ನ ಪೆಟ್ಟು) ಹೊಂದಾಣಿಕೆಯ ಹಂತಕ್ಕೆ ಬಂದಿದೆ. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಧ್ವನಿಯ 48,000 ಅಳತೆಬಿಂದುಗಳು (ಸ್ಯಾಂಪಲ್). ಬೇಸ್ ಟ್ರ್ಯಾಕ್‌ನಲ್ಲಿ ಧ್ವನಿಮಟ್ಟವನ್ನು ತಗ್ಗಿಸುವ ಕಂಪ್ರೆಸರ್ ಇದ್ದು, ಯಾವಾಗ ತಗ್ಗಿಸಬೇಕೆಂದು ಅದಕ್ಕೆ ಹೇಳುವ ಸೈಡ್‌ಚೈನ್ ಇನ್‌ಪುಟ್‌ಗೆ ಕಿಕ್ ಟ್ರ್ಯಾಕ್‌ನಿಂದ ಸೆಂಡ್ (ಧ್ವನಿಯ ಒಂದು ಕವಲು) ಹೋಗುತ್ತದೆ. ಕಿಕ್ ಬಿದ್ದೊಡನೆ ಬೇಸ್ ತಗ್ಗಿ, ಕಿಕ್‌ನ ನಾದ ಕರಗುತ್ತಿದ್ದಂತೆ ಮೇಲೇಳಬೇಕೆಂಬುದು ಉದ್ದೇಶ. ಈ ವ್ಯವಸ್ಥೆ ಚೆನ್ನಾಗಿಯೇ ನಡೆದಿತ್ತು. ಆದರೆ ಬೇಸ್‌ನ ತಳಭಾಗವನ್ನು ತಿಳಿಗೊಳಿಸಲು ಕಂಪ್ರೆಸರ್‌ಗಿಂತ ಮೊದಲು ಲೀನಿಯರ್ ಫೇಸ್ ಈಕ್ಯೂ (ಎಲ್ಲ ಆವರ್ತನಗಳನ್ನೂ ಒಂದೇ ಪ್ರಮಾಣದಲ್ಲಿ ತಡಮಾಡುವ ಈಕ್ವಲೈಸರ್) ಒಂದನ್ನು ಸೇರಿಸಿದ ಮೇಲೆ ತಾಳದ ಓಟವೇ ಕೆಟ್ಟಿತು. ಬೇಸ್ ಮುಂಚಿತವಾಗಿ ತಗ್ಗಿ, ಕಿಕ್ ಬೀಳುವ ಹೊತ್ತಿಗೆ ಮತ್ತೆ ಪೂರ್ತಿ ಎದ್ದಿರುತ್ತಿತ್ತು.

ಆ ಈಕ್ಯೂ ಹೋಸ್ಟ್‌ಗೆ (ಮಿಕ್ಸಿಂಗ್ ನಡೆಯುವ ತಂತ್ರಾಂಶ) ವರದಿ ಮಾಡುವ ಲೇಟೆನ್ಸಿ, ಅಂದರೆ ವಿಳಂಬ, 4096 ಸ್ಯಾಂಪಲ್, ಅಂದರೆ 85.3 ಮಿಲಿಸೆಕೆಂಡ್. ಈ ವೇಗದಲ್ಲಿ ಬೀಟ್‌ನ ಕಾಲುಭಾಗ 125 ಮಿಲಿಸೆಕೆಂಡ್ ಆಗಿರುವುದರಿಂದ ಇದು ಕಿವಿಗೆ ಬೀಳದೆ ಹೋಗುವಷ್ಟು ಸಣ್ಣ ಅಂತರವಲ್ಲ. ಹೋಸ್ಟ್‌ನ ವಿಳಂಬ ಪರಿಹಾರ ಕೆಲಸ ಮಾಡುತ್ತಲೇ ಇತ್ತು: ಕಿಕ್ ಟ್ರ್ಯಾಕ್ ಅನ್ನೂ ಅಷ್ಟೇ ತಡೆದು, ಎರಡನ್ನೂ ಮಾಸ್ಟರ್‌ಗೆ (ಎಲ್ಲ ಟ್ರ್ಯಾಕ್‌ಗಳು ಕೊನೆಗೆ ಸೇರುವ ಜಾಗ) ಒಟ್ಟಿಗೆ ತಲುಪಿಸುತ್ತಿತ್ತು. ಆದರೆ ನಾನು ಬಳಸುವ ಹೋಸ್ಟ್‌ನಲ್ಲಿ ಸೈಡ್‌ಚೈನ್ ಸೆಂಡ್ ಈ ತಡೆಗಿಂತ ಮೊದಲೇ ಕವಲೊಡೆಯುವುದರಿಂದ, ಕಂಪ್ರೆಸರ್‌ನ ಬಾಗಿಲಿಗೆ ಕಿಕ್ ತನ್ನ ಸಮಯಕ್ಕೂ ಬೇಸ್ 4096 ಸ್ಯಾಂಪಲ್ ತಡವಾಗಿಯೂ ಬರುತ್ತಿದ್ದವು. ಮಾಸ್ಟರ್‌ನಲ್ಲಿ ಎಲ್ಲವೂ ಸರಿಯಾಗಿ ಕೂಡಿಕೊಂಡಿದೆ ಎಂಬುದರಿಂದ ನಡುದಾರಿಯಲ್ಲೂ ಸರಿಯಾಗಿದೆ ಎಂದಾಗುವುದಿಲ್ಲ.

ಕಿವಿಯನ್ನಷ್ಟೇ ನಂಬದೆ ಅಳತೆಗೂ ಇಳಿದೆ. ಬೇಸ್‌ನ ಜಾಗದಲ್ಲಿ ಒಂದೇ ಮಟ್ಟದ 1 ಕಿಲೋಹರ್ಟ್ಸ್ ಸೈನ್ ಅಲೆಯನ್ನೂ, ಕಿಕ್‌ನ ಜಾಗದಲ್ಲಿ 10 ಮಿಲಿಸೆಕೆಂಡ್ ಉದ್ದದ ಚೌಕ ಅಲೆಯ ತುಣುಕನ್ನೂ ಇಟ್ಟು, ಕಂಪ್ರೆಸರ್‌ನ ಅಟ್ಯಾಕ್ (ತಗ್ಗಲು ಹಿಡಿಯುವ ಸಮಯ) ಅನ್ನು ಕನಿಷ್ಠಕ್ಕೂ ರೇಶಿಯೋವನ್ನು (ತಗ್ಗಿಸುವ ತೀವ್ರತೆ) ಗರಿಷ್ಠಕ್ಕೂ ಒಯ್ದು, ಲುಕ್‌ಅಹೆಡ್ (ಧ್ವನಿಯನ್ನು ತುಸು ತಡೆದು ಮುಂದಿನದನ್ನು ಮೊದಲೇ ನೋಡಿಕೊಳ್ಳುವ ಸೌಲಭ್ಯ) ಅನ್ನು ನಿಲ್ಲಿಸಿ, ಎರಡೂ ಟ್ರ್ಯಾಕ್‌ಗಳನ್ನು ಬೇರೆ ಬೇರೆಯಾಗಿ ರೆಂಡರ್ ಮಾಡಿದೆ (ಆಡಿಯೋ ಫೈಲ್ ಆಗಿಸಿದೆ). 48 ಕಿಲೋಹರ್ಟ್ಸ್‌ನಲ್ಲಿ ಈ ಸೈನ್ ಅಲೆಯ ಒಂದು ಸುತ್ತು ಸರಿಯಾಗಿ 48 ಸ್ಯಾಂಪಲ್ ಆಗುವುದರಿಂದ ಅಲೆಯೇ ಅಳತೆಪಟ್ಟಿಯಾಗುತ್ತದೆ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ, ಅಲೆ ಕುಗ್ಗಲು ಆರಂಭಿಸಿದ ಜಾಗದಿಂದ ಚೌಕ ಅಲೆಯ ಮೊದಲ ಅಂಚಿನವರೆಗೆ ಎಂಬತ್ತೈದು ಸುತ್ತುಗಳೂ ಇನ್ನೊಂದರ ಮೂರನೆಯ ಒಂದು ಭಾಗವೂ ಇದ್ದವು. ಈಕ್ಯೂ ಅನ್ನು ಸರಣಿಯಿಂದ ತೆಗೆದಾಗ ಅಂತರ ಮಾಯವಾಯಿತು. ಇಂತಹ ಪರೀಕ್ಷೆಗೆ ಬೈಪಾಸ್ (ಪ್ಲಗಿನ್ ಅನ್ನು ಸರಣಿಯಲ್ಲೇ ಇಟ್ಟು ಅದರ ಕೆಲಸ ನಿಲ್ಲಿಸುವುದು) ಸಾಲದು. ಬೈಪಾಸ್ ಆದ ಮೇಲೂ ತಮ್ಮ ಲೇಟೆನ್ಸಿಯನ್ನು ಹಾಗೆಯೇ ಉಳಿಸಿಕೊಳ್ಳುವ ಪ್ಲಗಿನ್‌ಗಳಿವೆ.

ಇಂತಹ ತೊಂದರೆಗೆ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಧ್ವನಿಯ ತುಣುಕು) ಗಾತ್ರವನ್ನು ಬದಲಿಸಿ ನೋಡಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಬಫರ್ ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಪ್ರಮಾಣದಲ್ಲಿ ತಡಮಾಡುವುದರಿಂದ ಟ್ರ್ಯಾಕ್‌ಗಳ ನಡುವಿನ ಅಂತರ ಅದರಿಂದ ಬದಲಾಗುವುದಿಲ್ಲ.

ಪರಿಹಾರವಾಗಿ ಅದೇ ಈಕ್ಯೂ ಅನ್ನು ಕಂಪ್ರೆಸರ್‌ನ ನಂತರಕ್ಕೆ ಸರಿಸಿದ್ದೇನೆ. ಕಂಪ್ರೆಸರ್ ಕಿವಿಗೊಡುವುದು ಕಿಕ್‌ಗೇ ಹೊರತು ಬೇಸ್‌ಗಲ್ಲವಾದ್ದರಿಂದ, ಈಕ್ಯೂ ಮೊದಲಿದ್ದರೂ ಆಮೇಲಿದ್ದರೂ ತಗ್ಗುವ ಪ್ರಮಾಣ ಒಂದೇ. ಕಂಪ್ರೆಸರ್ ತನಗೆ ಬಂದ ಧ್ವನಿಗೇ ಕಿವಿಗೊಡುವ ಸಾಮಾನ್ಯ ಕಂಪ್ರೆಶನ್‌ನಲ್ಲಿ ಈ ಸ್ವಾತಂತ್ರ್ಯವಿಲ್ಲ. ಲೇಟೆನ್ಸಿ ಇಲ್ಲದ, ಆದರೆ ಫೇಸ್ (ಅಲೆಯ ಏರಿಳಿತದ ಸ್ಥಾನ) ಅನ್ನು ಕದಲಿಸುವ ಮಿನಿಮಮ್ ಫೇಸ್ ಈಕ್ಯೂಗೆ ಬದಲಾಯಿಸಿದ್ದರೂ ನಡೆಯುತ್ತಿತ್ತು, ಮತ್ತು ಬೇಸ್‌ಗೆ ಬಹುಶಃ ಅದೇ ಹೆಚ್ಚು ಒಪ್ಪುತ್ತದೆ; ಆದರೆ ಇದೇ ಬೇಸ್‌ನ ಇನ್ನೊಂದು ಪ್ರತಿ ಸಮಾನಾಂತರವಾಗಿ ಬೆರೆಯುತ್ತಿರುವುದರಿಂದ ಅವೆರಡರ ಫೇಸ್ ಸಂಬಂಧವನ್ನು ಕದಲಿಸುವ ಮನಸ್ಸಾಗಲಿಲ್ಲ.

ಕಿಕ್‌ನ ಕಡೆಯಲ್ಲಿ ಇನ್ನೊಂದು ಸಣ್ಣ ವ್ಯತ್ಯಾಸ ಉಳಿದಿತ್ತು. ಅಲ್ಲಿನ ಲಿಮಿಟರ್‌ನ (ಧ್ವನಿಮಟ್ಟ ಒಂದು ಮಿತಿ ಮೀರದಂತೆ ತಡೆಯುವ ಪ್ಲಗಿನ್) ಲುಕ್‌ಅಹೆಡ್ 2 ಮಿಲಿಸೆಕೆಂಡ್, ಅಂದರೆ 96 ಸ್ಯಾಂಪಲ್; ಸೆಂಡ್ ಆ ಲಿಮಿಟರ್‌ನ ನಂತರ ಹೊರಡುತ್ತಿದ್ದುದರಿಂದ ಬೇಸ್ ಅಷ್ಟು ತಡವಾಗಿ ತಗ್ಗುತ್ತಿತ್ತು. ಹೀಗಾಗಿ ಕಿಕ್‌ನ ಇನ್ನೊಂದು ಪ್ರತಿಯನ್ನು ಮಾಡಿ, ಅದರ ಮೇಲೆ ಯಾವ ಪ್ಲಗಿನ್ ಅನ್ನೂ ಇಡದೆ, ಮಾಸ್ಟರ್‌ನ ಸಂಪರ್ಕ ಕಡಿದು, ಸೈಡ್‌ಚೈನ್‌ಗಷ್ಟೇ ಕಳುಹಿಸಿದ್ದೇನೆ. ಕಿಕ್‌ನ ಫೇಡರ್ ಅಥವಾ ಲಿಮಿಟರ್ ಅನ್ನು ಎಷ್ಟು ತಿದ್ದಿದರೂ ಬೇಸ್‌ನ ಏರಿಳಿತ ಈಗ ಕದಲುವುದಿಲ್ಲ. ಈ ಮೂಕ ಕಿಕ್‌ನ ಕ್ಲಿಪ್‌ಗಳನ್ನು 144 ಸ್ಯಾಂಪಲ್, ಅಂದರೆ 3 ಮಿಲಿಸೆಕೆಂಡ್, ಮುಂಚಿತವಾಗಿ ಬೀಳುವಂತೆ ಎಳೆದಿರುವುದರಿಂದ ಅಟ್ಯಾಕ್ ಅನ್ನು ಸ್ವಲ್ಪ ನಿಧಾನಗೊಳಿಸಲು ಸಾಧ್ಯವಾಯಿತು. ಬೇಸ್ ಥಟ್ಟನೆ ಕುಗ್ಗುವಾಗ ಕೇಳುತ್ತಿದ್ದ ಚಟ್ ಎಂಬ ಸದ್ದೂ ನಿಂತಿತು. ಕಂಪ್ರೆಸರ್‌ನ ಲುಕ್‌ಅಹೆಡ್ ಕೊಡುವ ಫಲವೇ ಇದು, ಲೇಟೆನ್ಸಿ ಮಾತ್ರ ಇಲ್ಲ. ಧ್ವನಿ ಮೊದಲೇ ಮುದ್ರಣವಾಗಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ.

ಇನ್ನು ಉಳಿದಿರುವುದು ಪ್ಯಾಡ್ (ದೀರ್ಘ ಹಿನ್ನೆಲೆ ಸ್ವರ) ಬಸ್. ಅಲ್ಲಿ ಹಲವು ಟ್ರ್ಯಾಕ್‌ಗಳು ಕೂಡುತ್ತವೆ, ಮತ್ತು ಅವುಗಳಲ್ಲಿ ಅತಿ ಹೆಚ್ಚು ಲೇಟೆನ್ಸಿ ಇರುವ ಟ್ರ್ಯಾಕ್ ಎಷ್ಟು ತಡವೋ ಇಡೀ ಬಸ್ ಅಷ್ಟೇ ತಡವಾಗುತ್ತದೆ. ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ಸ್ಯಾಂಪಲ್ ರೇಟ್‌ನಲ್ಲಿ ಸಂಸ್ಕರಿಸುವುದು) ಇರುವ ಸ್ಯಾಚುರೇಟರ್ (ಧ್ವನಿಗೆ ವಿರೂಪದಿಂದ ಬಣ್ಣ ಕೊಡುವ ಪ್ಲಗಿನ್) ಹೊತ್ತ ಪ್ಯಾಡ್ ಅನ್ನು ಆಡಿಯೋ ಆಗಿ ರೆಂಡರ್ ಮಾಡಿ, ಆ ಪ್ಲಗಿನ್ ಅನ್ನು ಸರಣಿಯಿಂದ ಇಳಿಸಿದ ಬಳಿಕ, ಅದೇ ಸೈನ್ ಅಲೆಯಿಂದ ಬಸ್‌ನ ಕಂಪ್ರೆಸರ್ ಅನ್ನೂ ಅಳೆಯಲಿದ್ದೇನೆ.