ಹಾಗಾದರೆ ಅದನ್ನು ಪರೀಕ್ಷಿಸುವುದು ಹೇಗೆ?

ಭೌತಶಾಸ್ತ್ರದ ಪದವಿಗಾಗಿ ನಡೆದ ಪ್ರವೇಶ ಸಂದರ್ಶನದಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ ಬಹಳ ಚಿಕ್ಕದು: ಸಮುದ್ರ ನೀಲಿಯಾಗಿ ಕಾಣುವುದೇಕೆ? ಮೇಜಿನ ಆಚೆ ಮೂವರು ಪ್ರಾಧ್ಯಾಪಕರು ಕುಳಿತಿದ್ದರು. ನನ್ನ ಮುಂದೆ ಒಂದು ಖಾಲಿ ಹಾಳೆಯೂ ಒಂದು ಪೆನ್ಸಿಲ್ಲೂ ಇದ್ದವು. ಅವು ಅಲ್ಲಿ ಏಕಿವೆ ಎಂದು ಯೋಚಿಸುವ ವ್ಯವಧಾನ ಆಗ ನನಗಿರಲಿಲ್ಲ, ಏಕೆಂದರೆ ನಾನು ಬೇರೆಯದೇ ಪ್ರಶ್ನೆಗಳಿಗೆ ಸಿದ್ಧವಾಗಿ ಬಂದಿದ್ದೆ.

ಆ ಸಿದ್ಧತೆ ಸಣ್ಣದಾಗಿರಲಿಲ್ಲ. ಈ ಕಾಲೇಜನ್ನೇ ಏಕೆ ಆರಿಸಿಕೊಂಡಿರಿ, ಹತ್ತು ವರ್ಷಗಳ ನಂತರ ಎಲ್ಲಿರಲು ಬಯಸುತ್ತೀರಿ, ನಿಮ್ಮ ದೌರ್ಬಲ್ಯವೇನು ಎಂಬ ಪ್ರಶ್ನೆಗಳಿಗೆ ಉತ್ತರ ಬರೆದು, ತಿದ್ದಿ, ಬಾಯಿಪಾಠ ಮಾಡಿ, ಗಡಿಯಾರ ಇಟ್ಟುಕೊಂಡು ಒಪ್ಪಿಸಿ ನೋಡಿದ್ದೆ. ಒಂದನೆಯ ತರಗತಿಯಿಂದಲೂ ಮೊದಲ ಸ್ಥಾನ ಬಿಟ್ಟುಕೊಡದ ನನಗೆ ಆ ಕಾಲೇಜಿನ ಸೀಟು ಕೇವಲ ಒಂದು ಆಯ್ಕೆಯಾಗಿರಲಿಲ್ಲ. ಅಷ್ಟು ವರ್ಷ ಓದಿದ್ದೆಲ್ಲ ಅದಕ್ಕಾಗಿಯೇ ಎಂದು ನಂಬಿದ್ದೆ. ಆ ಹಂಬಲವನ್ನು ಇಂದಿಗೂ ನಾನು ತಪ್ಪೆಂದು ಭಾವಿಸುವುದಿಲ್ಲ. ಆದರೆ ಅದು ಉತ್ತರಗಳನ್ನು ಕೂಡಿಡುವ ಹಂಬಲವಾಗಿತ್ತೆಂಬುದು ಆ ಕೋಣೆಯಲ್ಲಿ ಕುಳಿತ ಐದೇ ನಿಮಿಷಗಳಲ್ಲಿ ನನಗೆ ತಿಳಿದುಹೋಯಿತು.

ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸುವುದರಿಂದ ಸಮುದ್ರ ನೀಲಿಯಾಗಿ ಕಾಣುತ್ತದೆ ಎಂದು ತಡವರಿಸದೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸದೆ ಆಕಾಶದ ನೀಲಿಗೂ ಕಾರಣ ಕೊಟ್ಟೆ: ಗಾಳಿಯ ಅಣುಗಳಿಂದ ಬೆಳಕು ಚದುರುವ ಪ್ರಮಾಣ ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ, ಆದ್ದರಿಂದ 400 ನ್ಯಾನೊಮೀಟರಿನ ನೇರಳೆ ಬೆಳಕು 700 ನ್ಯಾನೊಮೀಟರಿನ ಕೆಂಪಿಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ಚದುರುತ್ತದೆ. ಹಾಗಾದರೆ ಆಕಾಶ ನೇರಳೆಯಾಗಿ ಕಾಣಬೇಕಲ್ಲವೇ ಎಂದು ಅವರು ಕೇಳುವ ಮೊದಲೇ, ಸೂರ್ಯನ ಬೆಳಕಿನಲ್ಲಿ ನೇರಳೆಯ ಪಾಲು ಕಡಿಮೆ, ನಮ್ಮ ಕಣ್ಣು ಅದಕ್ಕೆ ಸ್ಪಂದಿಸುವುದೂ ಕಡಿಮೆ ಎಂದು ಸೇರಿಸಿದೆ.

ನಡುವೆ ಕುಳಿತಿದ್ದ ಹಿರಿಯ ಪ್ರಾಧ್ಯಾಪಕಿ ಪೂರ್ತಿ ಕೇಳಿಸಿಕೊಂಡರು. "ಆಕಾಶದ ವಿಷಯ ಸರಿಯಾಗಿ ಹೇಳಿದಿರಿ. ಸಮುದ್ರದ ಬಗ್ಗೆ ಹೇಳಿದ್ದು ನಿಜವೆಂದು ನಿಮಗೆ ಹೇಗೆ ಗೊತ್ತು?"

"ಓದಿದ್ದೇನೆ, ಮೇಡಂ."

"ಓದಿರಲಿಲ್ಲ ಎಂದುಕೊಳ್ಳಿ. ಯಾರೋ ಬಂದು ನಿಮ್ಮ ಬಳಿ ಹೀಗೆ ಹೇಳಿದರು. ಹಾಗಾದರೆ ಅದನ್ನು ಪರೀಕ್ಷಿಸುವುದು ಹೇಗೆ?"

ಆ ಕ್ಷಣದ ಮೌನವನ್ನು ನಾನು ಮರೆತಿಲ್ಲ. ಉತ್ತರ ಗೊತ್ತಿಲ್ಲದೆ ಹೋಗುವುದು ನನಗೆ ಅಪರೂಪವಾಗಿದ್ದರೂ ಹೊಸದಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ನೆನಪನ್ನು ಕೆದಕುವುದು ನನ್ನ ರೂಢಿ. ಇಲ್ಲಿ ಕೆದಕಲು ಏನೂ ಇರಲಿಲ್ಲ. ನಾನು ಓದಿದ ಯಾವ ಪುಟದಲ್ಲೂ ಈ ಪ್ರಶ್ನೆ ಇರಲಿಲ್ಲ. ಮೋಡ ಕವಿದ ದಿನ ನೋಡಬಹುದು ಎಂದೆ. ಮೋಡವಿದ್ದಾಗ ನೀರಿನ ಮೇಲೆ ಬೀಳುವ ಬೆಳಕೇ ಬೇರೆಯಾಗುತ್ತದೆ, ಎರಡು ಸಂಗತಿ ಒಟ್ಟಿಗೆ ಬದಲಾದರೆ ಯಾವುದು ಕಾರಣವೆಂದು ಹೇಗೆ ಹೇಳುತ್ತೀರಿ ಎಂದು ಅವರು ಶಾಂತವಾಗಿಯೇ ಕೇಳಿದರು. ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಕಾಶವನ್ನು ಇದ್ದಂತೆಯೇ ಬಿಟ್ಟು ಪ್ರತಿಫಲನವನ್ನು ಮಾತ್ರ ತಡೆಯಬೇಕು ಎಂದೆ. ಅದು ಉತ್ತರವಲ್ಲ, ಉತ್ತರಕ್ಕೆ ಬೇಕಾದ ವಸ್ತುವಿನ ವಿವರಣೆ ಅಷ್ಟೆ. ಆದರೂ ಆ ವಾಕ್ಯವನ್ನು ನಾನು ಎಲ್ಲಿಂದಲೂ ತಂದಿರಲಿಲ್ಲ.

ಪ್ರತಿಫಲಿಸಿದ ಬೆಳಕಿಗೆ ಬೇರೇನಾದರೂ ಗುರುತು ಇರುತ್ತದೆಯೇ ಎಂದು ಅವರು ಕೇಳಿದಾಗ ಧ್ರುವೀಕರಣ, ಅಂದರೆ ಬೆಳಕಿನ ಕಂಪನ ಒಂದೇ ದಿಕ್ಕಿಗೆ ಸೀಮಿತವಾಗುವುದು, ನೆನಪಾಯಿತು, ಪೆನ್ಸಿಲ್ ಕೈಗೆ ಬಂತು. ಹಾಳೆಯ ಮೇಲೆ ನೀರಿನ ಮೇಲ್ಮೈಗೆ ಒಂದು ಗೆರೆ ಎಳೆದೆ, ಬೀಳುವ ಕಿರಣವನ್ನೂ ಮರಳುವ ಕಿರಣವನ್ನೂ ಬರೆದೆ. ಬ್ರೂಸ್ಟರ್ ಕೋನದಲ್ಲಿ ಪ್ರತಿಫಲಿಸಿದ ಬೆಳಕಿನ ಕಂಪನ ಒಂದೇ ದಿಕ್ಕಿನಲ್ಲಿರುತ್ತದೆ. ನೀರಿನ ವಕ್ರೀಭವನಾಂಕ 1.33 ಆದ್ದರಿಂದ ಲಂಬದಿಂದ ಅಳೆದರೆ ಆ ಕೋನ ಸುಮಾರು 53 ಡಿಗ್ರಿ. ಆ ಕೋನದಿಂದ ನೀರನ್ನು ನೋಡುತ್ತ ಒಂದೇ ದಿಕ್ಕಿನ ಕಂಪನವನ್ನು ಒಳಬಿಡುವ ಧ್ರುವಕವನ್ನು ಕಣ್ಣಿನ ಮುಂದೆ ತಿರುಗಿಸಿದರೆ, ಒಂದು ಸ್ಥಾನದಲ್ಲಿ ಆಕಾಶದ ಪ್ರತಿಫಲನ ಅಳಿಸಿಹೋಗಬೇಕು. "ಆಗ ನೀಲಿಯೂ ಅಳಿಸಿಹೋದರೆ ನಾನು ಹೇಳಿದ್ದು ನಿಜ" ಎಂದೆ. "ಉಳಿದರೆ?" ಎಂದರು. "ನಾನು ಹೇಳಿದ್ದು ತಪ್ಪು."

ಆಗ ಎಡಗಡೆ ಕುಳಿತಿದ್ದ ಪ್ರಾಧ್ಯಾಪಕರು, ಈ ಪ್ರಯೋಗ ಆಗಲೇ ನಡೆದಿದೆ ಎಂದರು. 1921ರಲ್ಲಿ ಸಿ. ವಿ. ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ, ಧ್ರುವಕದ ಕೆಲಸ ಮಾಡುವ ನಿಕೋಲ್ ಪ್ರಿಸಂ ಒಂದನ್ನು ಹಿಡಿದು ಇದೇ ಕೋನದಿಂದ ಸಮುದ್ರವನ್ನು ನೋಡಿದ್ದರು. ಸಮುದ್ರದ ನೀಲಿ ಆಕಾಶದ ಪ್ರತಿಫಲನವೆಂಬುದು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿಯವರ ಅಭಿಪ್ರಾಯವಾಗಿತ್ತು, ಅಂದರೆ ನಾನು ತಪ್ಪಿದ್ದು ದೊಡ್ಡವರ ಜೊತೆಯಲ್ಲೇ. ಆದರೆ ಪ್ರತಿಫಲನವನ್ನು ತೆಗೆದುಹಾಕಿದ ಮೇಲೂ ನೀಲಿ ಉಳಿಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ದಾರಿಯಲ್ಲಿ ರಾಮನ್ ಮುಂದೆ ಹೋದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ರಾಮನ್ ಹೆಸರಿನ ಮುಂದೆ ರಾಮನ್ ಪರಿಣಾಮ 1928, ನೊಬೆಲ್ 1930 ಎಂದು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೆ. ಅವರು ಹಡಗಿನ ಮೇಲೆ ನಿಂತು ಏನನ್ನು ನೋಡಿದರು ಎಂಬುದು ಅದರಲ್ಲಿರಲಿಲ್ಲ.

ಅಲ್ಲಿಂದ ಮುಂದೆ ಅದು ಸಂದರ್ಶನವೆಂಬುದೇ ನನಗೆ ಮರೆತುಹೋಯಿತು. ಲೋಟದ ನೀರು ಏಕೆ ನೀಲಿಯಲ್ಲ ಎಂದು ಕೇಳಿದರು. ಚದುರುವಿಕೆಯ ಜೊತೆಗೆ ನೀರು ಕೆಂಪು ಬೆಳಕನ್ನು ಸ್ವಲ್ಪಸ್ವಲ್ಪವಾಗಿ ಹೀರುತ್ತದೆ, ಆ ಹೀರಿಕೆ ಕಣ್ಣಿಗೆ ಕಾಣಬೇಕಾದರೆ ಬೆಳಕು ಕೆಲವು ಮೀಟರುಗಳಷ್ಟು ನೀರನ್ನು ದಾಟಿ ಬರಬೇಕು ಎಂಬಲ್ಲಿಗೆ ಅವರ ಪ್ರಶ್ನೆಗಳ ಕೈಹಿಡಿದು ತಲುಪಿದೆ. ನೀರಿನಾಳಕ್ಕೆ ಇಳಿಯುವವರಿಗೆ ಕೆಂಪು ಬಟ್ಟೆ ಮಂಕಾಗಿ ಕಾಣುವುದೂ ಇದರಿಂದಲೇ. ಹೀರುವುದು ಯಾವುದು ಎಂದರು. ಹೈಡ್ರೋಜನ್ ಮತ್ತು ಆಕ್ಸಿಜನ್ ನಡುವಿನ ಬಂಧದ ಕಂಪನ ಎಂದು ಅಂಜುತ್ತಲೇ ಹೇಳಿದೆ. "ಹಾಗಾದರೆ ಭಾರಜಲದ ಬಣ್ಣ ಹೇಗಿರಬೇಕು?" ಎಂದು ಮೂರನೆಯವರು ಕೇಳುವಷ್ಟರಲ್ಲಿ ಸಮಯ ಮುಗಿಯಿತು. ಹೈಡ್ರೋಜನ್ನಿನ ಜಾಗದಲ್ಲಿ ಅದರದೇ ಭಾರವಾದ ರೂಪ ಇರುವ ನೀರು ಭಾರಜಲ. ನಮ್ಮನ್ನು ಏನಾದರೂ ಕೇಳುವುದಿದೆಯೇ ಎಂದಾಗ, ಅದಕ್ಕೆಂದು ಸಿದ್ಧಪಡಿಸಿದ್ದ ಮೂರು ಪ್ರಶ್ನೆಗಳನ್ನು ಬಿಟ್ಟು, ಭಾರಜಲಕ್ಕೆ ಉತ್ತರವೇನು ಎಂದು ಕೇಳಿದೆ. "ಲೆಕ್ಕ ಮಾಡಿ ನೋಡಿ" ಎಂದರು. ಹಾಳೆಯನ್ನು ಒಯ್ಯಬಹುದೇ ಎಂದು ಕೇಳಿ ಮಡಚಿ ತಂದೆ.

ಹತ್ತು ವರ್ಷಗಳ ನಂತರದ ನನ್ನ ಯೋಜನೆಯನ್ನು ಯಾರೂ ಕೇಳಲೇ ಇಲ್ಲ.

ಇಂಥ ಸಂದರ್ಶನ ಎಲ್ಲರಿಗೂ ನ್ಯಾಯ ಒದಗಿಸುತ್ತದೆ ಎಂದು ನಾನು ಹೇಳಲಾರೆ. ನನ್ನ ನಂತರ ಒಳಗೆ ಹೋದ ಅಭ್ಯರ್ಥಿ ಹೊರಗೆ ಕಾಯುವಾಗಲೇ ಭಯದಿಂದ ಬಿಳಿಚಿಕೊಂಡಿದ್ದ. ಅಪರಿಚಿತರ ಮುಂದೆ ಗಂಟಲು ಕಟ್ಟುವವರಿಗೆ ಇಪ್ಪತ್ತೈದು ನಿಮಿಷ ಬಹಳ ಕಡಿಮೆ, ಅವರ ಯೋಚನೆ ಎಷ್ಟು ಆಳವಾಗಿದ್ದರೂ ಅದು ಹೊರಗೆ ಬಾರದೆ ಹೋಗಬಹುದು. ನನಗೆ ಆ ಪ್ರಾಧ್ಯಾಪಕಿಯ ತಾಳ್ಮೆ ದೊರೆಯಿತು. ನಾನು ಸುಮ್ಮನಿದ್ದಾಗ ಅವರೂ ಸುಮ್ಮನಿದ್ದರು, ಗಡಿಯಾರ ನೋಡಲಿಲ್ಲ. ಅವರ ಜಾಗದಲ್ಲಿ ಬೇರೊಬ್ಬರು ಇದ್ದು, ಮೊದಲ ತಪ್ಪು ಉತ್ತರಕ್ಕೇ ಮುಂದಿನ ಪ್ರಶ್ನೆಗೆ ಹೋಗಿದ್ದರೆ ನಾನು ಬರೆಯುತ್ತಿದ್ದ ಕಥೆ ಬೇರೆ. ಸಂದರ್ಶನಕ್ಕೆ ಮಾದರಿ ಉತ್ತರಗಳನ್ನು ಬರೆಸುವವರ ಮೇಲೆ ಮಾತ್ರ ನನಗೆ ಈಗ ನಿಜವಾದ ಸಿಟ್ಟಿದೆ. ಆ ಉತ್ತರಗಳು ನಾಲಿಗೆಯ ತುದಿಯಲ್ಲಿರುವಾಗ ಎದುರಿನವರು ಏನು ಕೇಳುತ್ತಿದ್ದಾರೆ ಎಂಬುದೇ ಕಿವಿಗೆ ಬೀಳುವುದಿಲ್ಲ.

ಅಂದು ರಾತ್ರಿ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಮಾಡಿದೆ. ಹೈಡ್ರೋಜನ್ನಿನ ಬದಲು ಅದರ ಎರಡರಷ್ಟು ತೂಕದ ಡ್ಯೂಟೀರಿಯಂ ಇದ್ದರೆ ಬಂಧದ ಬಿಗಿ ಹಾಗೆಯೇ ಉಳಿಯುತ್ತದೆ, ಕಂಪನ ಮಾತ್ರ ನಿಧಾನವಾಗುತ್ತದೆ. ಆಕ್ಸಿಜನ್ನಿನ ತೂಕವನ್ನೂ ಗಣಿಸಿದರೆ ಆವರ್ತನ ಸುಮಾರು 1.37 ಪಟ್ಟು ಇಳಿಯುತ್ತದೆ. ನೀರಿನಲ್ಲಿ 700 ನ್ಯಾನೊಮೀಟರಿನ ಬಳಿಯಿರುವ ಹೀರಿಕೆ ಭಾರಜಲದಲ್ಲಿ 960ರ ಆಸುಪಾಸಿಗೆ, ಅಂದರೆ ಕಣ್ಣಿಗೆ ಕಾಣದ ಅವಕೆಂಪಿಗೆ ಸರಿಯಬೇಕು. ಹಾಗಿದ್ದರೆ ಭಾರಜಲಕ್ಕೆ ಈ ನೀಲಿ ಇರಬಾರದು. ಉತ್ತರ ಬರೆದ ಮೇಲೆಯೇ ಪುಸ್ತಕ ತೆರೆದೆ. ಭಾರಜಲ ಬಹುಮಟ್ಟಿಗೆ ಬಣ್ಣವಿಲ್ಲದ ದ್ರವ ಎಂದಿತ್ತು. ಎಷ್ಟೋ ಪರೀಕ್ಷೆಗಳಲ್ಲಿ ಪೂರ್ಣ ಅಂಕ ಬಂದಾಗಲೂ ಆಗದಷ್ಟು ಸಂತೋಷ ಅಂದು ಆಯಿತು, ನಿದ್ದೆ ಬರಲಿಲ್ಲ.

ಮೊದಲ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ, ಎರಡನೆಯದರಲ್ಲಿ ಇತ್ತು. ಕೆಲವು ತಿಂಗಳ ನಂತರ ಪ್ರಯೋಗಾಲಯದಿಂದ ಒಂದು ಧ್ರುವಕವನ್ನು ಕೇಳಿ ಪಡೆದು ಸಮುದ್ರದ ದಂಡೆಯ ಬಂಡೆಯೊಂದರ ಮೇಲೆ ನಿಂತೆ. ಮಧ್ಯಾಹ್ನ ಕಳೆದಿತ್ತು, ನೀರು ಬೆಳ್ಳಗೆ ಹೊಳೆಯುತ್ತಿತ್ತು. ಕೋನವನ್ನು ಅಂದಾಜು ಮಾಡಿ ಧ್ರುವಕವನ್ನು ನಿಧಾನವಾಗಿ ತಿರುಗಿಸಿದೆ. ಕಾಲು ಸುತ್ತು ತಿರುಗುವಷ್ಟರಲ್ಲಿ ಮೇಲಿನ ಹೊಳಪೆಲ್ಲ ಪರದೆ ಸರಿದಂತೆ ಹೋಯಿತು, ನೀಲಿ ಅಲ್ಲೇ ಇತ್ತು, ಮೊದಲಿಗಿಂತ ಗಾಢವಾಗಿ.