ತುಟಿಪಿಟಕ್ಕೆನ್ನದ ವೈರ್‌ಗಾರ್ಡ್

ಎರಡು ಯಂತ್ರಗಳ ನಡುವೆ ಗೂಢಲಿಪಿಯ ಸುರಂಗ (ಟನಲ್) ಹಾಕುವ ವಿಪಿಎನ್ ತಂತ್ರಾಂಶಗಳಲ್ಲಿ ಓಪನ್‌ವಿಪಿಎನ್ ಕೆಟ್ಟರೆ ಲಾಗ್ ತುಂಬ ಗೋಳಾಡುತ್ತದೆ. ವೈರ್‌ಗಾರ್ಡ್ ಕೆಟ್ಟರೆ ಸದ್ದೇ ಇಲ್ಲ. ಇಂಟರ್ಫೇಸ್ ಎದ್ದಿರುತ್ತದೆ, ಎರರ್ ಕಾಣುವುದಿಲ್ಲ, ಪ್ಯಾಕೆಟ್ ಮಾತ್ರ ಆಚೆ ತಲುಪುವುದಿಲ್ಲ. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಇದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಇದೆ. ಹಿನ್ನೆಲೆಯಲ್ಲಿ ಓಡುವ ಬೇರೆ ಪ್ರೋಗ್ರಾಂ (ಡೀಮನ್) ಇಲ್ಲ, ಹಾಗಾಗಿ ಅದರದ್ದೊಂದು ಲಾಗ್ ಫೈಲೂ ಇಲ್ಲ. ಸಾಲದ್ದಕ್ಕೆ, ಗುರುತಿಲ್ಲದ ಕೀಯಿಂದ ಬಂದ ಪ್ಯಾಕೆಟ್‌ಗೆ ಉತ್ತರಿಸದೆ ಸುಮ್ಮನಿರುವುದು ಅದರ ವಿನ್ಯಾಸ. ಹೊರಗಿನಿಂದ ಎನ್‌ಮ್ಯಾಪ್ ಹಾಕಿ ಪೋರ್ಟ್ ತೆರೆದಿದೆಯೇ ಎಂದು ನೋಡುವುದು ದಂಡ.

ಆದರೆ ಅದು ಕಳಿಸುವ ಪ್ಯಾಕೆಟ್‌ಗಳ ಗಾತ್ರವೇ ಬಹಳಷ್ಟನ್ನು ಹೇಳಿಬಿಡುತ್ತದೆ. ಎರಡೂ ತುದಿ ಪರಸ್ಪರ ಗುರುತು ಹಿಡಿಯುವ ಹ್ಯಾಂಡ್‌ಶೇಕ್ ಶುರುಮಾಡುವ ಪ್ಯಾಕೆಟ್ 148 ಬೈಟ್. ಅದಕ್ಕೆ ಬರುವ ಉತ್ತರ 92. ಸಂಪರ್ಕ ಜೀವಂತವಿಡುವ ಖಾಲಿ ಪ್ಯಾಕೆಟ್, ಕೀಪ್‌ಅಲೈವ್, 32. ಈ ಲೆಕ್ಕ ಕಮಾಂಡ್‌ನ ಕೈಪಿಡಿಯಾದ ಮ್ಯಾನ್ ಪೇಜ್‌ನಲ್ಲಿಲ್ಲ, ಪ್ರೋಟೋಕಾಲ್ ವಿವರಣೆಯಲ್ಲಿ ಹುಡುಕಬೇಕು. ಅಡ್ಮಿನ್‌ಗಳಿಗೆ ದಿನನಿತ್ಯ ಬೇಕಾಗುವ ಸಂಗತಿ ಅಲ್ಲಿ ಅಡಗಿ ಕೂತಿದೆ ಎನ್ನುವುದೇ ನನ್ನ ತಕರಾರು.

ಕ್ಲೈಂಟ್‌ನಲ್ಲಿ ವೈರ್‌ಗಾರ್ಡ್‌ನ ಸ್ಥಿತಿ ತೋರಿಸುವ ‘ಡಬ್ಲ್ಯುಜಿ ಶೋ’ (wg show) ಕೊಡಿ. ಬಂದದ್ದು 0, ಹೋದದ್ದು 148, ಐದು ಸೆಕೆಂಡ್ ಬಿಟ್ಟು ನೋಡಿದರೆ 296, ಆಮೇಲೆ 444 ಎಂದು ಏರುತ್ತಿದ್ದರೆ ಕ್ಲೈಂಟ್ ಬಾಗಿಲು ಬಡಿಯುತ್ತಿದೆ, ಯಾರೂ ತೆರೆಯುತ್ತಿಲ್ಲ. ಈಗ ಸರ್ವರ್‌ನಲ್ಲಿ ವೈರ್‌ಗಾರ್ಡ್ ಸಾಮಾನ್ಯವಾಗಿ ಬಳಸುವ ಯುಡಿಪಿ 51820ರ ಮೇಲೆ, ಬಂದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ. ಏನೂ ಕಾಣದಿದ್ದರೆ ನಡುವೆ ಫೈರ್‌ವಾಲ್ ಇದೆ, ಇಲ್ಲವೇ ಎಂಡ್‌ಪಾಯಿಂಟ್ (ಸರ್ವರ್‌ನ ಹೊರಗಿನ ವಿಳಾಸ) ತಪ್ಪು. (ಎಂಡ್‌ಪಾಯಿಂಟ್‌ಗೆ ಹೆಸರು ಕೊಟ್ಟಿದ್ದರೆ ಅದನ್ನು ಐಪಿಗೆ ಬಿಡಿಸುವುದು ಇಂಟರ್ಫೇಸ್ ಎಬ್ಬಿಸುವಾಗ ಒಂದೇ ಸಲ. ಆಮೇಲೆ ಡಿಎನ್‌ಎಸ್ ಬದಲಾದರೆ ವೈರ್‌ಗಾರ್ಡ್‌ಗೆ ಗೊತ್ತಾಗುವುದಿಲ್ಲ.) 148 ಬರುತ್ತಿದೆ, 92 ಹೊರಡುತ್ತಿಲ್ಲ ಎಂದರೆ ಬಹುಮಟ್ಟಿಗೆ ಪಬ್ಲಿಕ್ ಕೀ ಒಂದು ಕಡೆ ತಪ್ಪಿದೆ. 148, 92, ಮತ್ತೆ 148, 92 ಎಂದು ಜೋಡಿಯಾಗಿ ಸುತ್ತುತ್ತಲೇ ಇದ್ದು, ಆ 92 ಕ್ಲೈಂಟ್‌ವರೆಗೂ ಮುಟ್ಟುತ್ತಿದ್ದರೆ ಎರಡೂ ಕಡೆ ಮೊದಲೇ ಹಂಚಿಟ್ಟ ಗುಟ್ಟಿನ ಪ್ರೀಶೇರ್ಡ್ ಕೀ ಹೊಂದುತ್ತಿಲ್ಲ: ಆ ಕೀ ಲೆಕ್ಕಕ್ಕೆ ಬರುವುದು ಎರಡನೇ ಸಂದೇಶದಲ್ಲಿ, ಹಾಗಾಗಿ ಸರ್ವರ್ ನಂಬಿ ಉತ್ತರಿಸುತ್ತದೆ, ಕ್ಲೈಂಟ್ ಅದನ್ನು ಬಿಸಾಡುತ್ತದೆ.

ಕೀಗಳೆಲ್ಲ ಸರಿ, ಆದರೂ 92 ಇಲ್ಲವೇ? ಕ್ಲೈಂಟ್‌ನ ಗಡಿಯಾರ ನೋಡಿ. ಮೊದಲ ಪ್ಯಾಕೆಟ್‌ನಲ್ಲಿ ಸಮಯ ಸೇರಿರುತ್ತದೆ. ಆ ಪೀರ್‌ನಿಂದ (ಟನಲ್‌ನ ಆಚೆ ತುದಿಯ ಯಂತ್ರದಿಂದ) ಹಿಂದೆ ಕಂಡ ಸಮಯಕ್ಕಿಂತ ಹಳೆಯದು ಬಂದರೆ ಸರ್ವರ್ ಮುಟ್ಟುವುದಿಲ್ಲ. ಗಡಿಯಾರದ ಬ್ಯಾಟರಿ ಇಲ್ಲದ ಚಿಕ್ಕ ಬೋರ್ಡ್‌ಗಳು ಕರೆಂಟ್ ಹೋಗಿ ಬಂದಾಗ ಹಳೇ ತಾರೀಖಿನಲ್ಲಿ ಏಳುತ್ತವೆ. ಗಡಿಯಾರ ಹೊಂದಿಸುವ ಎನ್‌ಟಿಪಿಯನ್ನೂ ಟನಲ್‌ನೊಳಗೇ ಕಳಿಸಿದ್ದರೆ ಮುಗಿಯಿತು: ಸಮಯ ಸರಿಯಾಗಲು ಟನಲ್ ಬೇಕು, ಟನಲ್ ಏಳಲು ಸಮಯ ಬೇಕು. ಎನ್‌ಟಿಪಿಯನ್ನು ಹೊರಗೇ ಬಿಡಿ. ತಕ್ಷಣಕ್ಕೆ ಸರ್ವರ್‌ನಲ್ಲಿ ಆ ಪೀರ್ ತೆಗೆದು ಮತ್ತೆ ಸೇರಿಸಿದರೆ ಹಳೆಯ ನೆನಪು ಅಳಿಯುತ್ತದೆ.

ಹ್ಯಾಂಡ್‌ಶೇಕ್ ಆಗಿಯೂ ಪಿಂಗ್ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಎಂದರೆ ಕೀ ಬದಲಿಸಲು ಓಡಬೇಡಿ. ಆ ವಿಳಾಸ ಯಾವ ಪೀರ್‌ನ ಅಲೌಡ್‌ಐಪೀಸ್ (ಆ ಪೀರ್‌ಗೆ ಸೇರಿದ ವಿಳಾಸಗಳ ಪಟ್ಟಿ) ಸಾಲಿನಲ್ಲೂ ಇಲ್ಲ ಎನ್ನುವುದನ್ನೇ ಕರ್ನಲ್ ಹೀಗೆ ಸುತ್ತಿ ಬಳಸಿ ಹೇಳುತ್ತಿದೆ. ಈ ಒಂದು ಸಾಲು ಎರಡು ಕೆಲಸ ಮಾಡುತ್ತದೆ: ಹೊರಡುವ ಪ್ಯಾಕೆಟ್ ಯಾವ ಪೀರ್‌ಗೆ ಎಂದು ಆರಿಸುತ್ತದೆ, ಬರುವ ಪ್ಯಾಕೆಟ್‌ನ ಮೂಲ ವಿಳಾಸ ಆ ಪೀರ್‌ಗೆ ಸೇರಿದ್ದೇ ಎಂದು ಸೋಸುತ್ತದೆ. ಸರ್ವರ್‌ನಲ್ಲಿ ಪ್ರತಿ ಕ್ಲೈಂಟ್‌ಗೆ ಅದರದೇ /32, ಎಂದರೆ ಒಂದೇ ವಿಳಾಸ, ಕೊಡಿ. ನಕಲು ಹೊಡೆಯುವ ಭರದಲ್ಲಿ ಇಬ್ಬರಿಗೂ ಒಂದೇ /24 (256 ವಿಳಾಸಗಳ ಗುಂಪು) ಕೊಟ್ಟರೆ ಕೊನೆಯಲ್ಲಿ ಬಂದವನಿಗೇ ಅದು ಸೇರುತ್ತದೆ, ಮೊದಲಿನವನ ಮುಂದೆ ‘ನನ್’ (none) ಎಂದು ಕಾಣುತ್ತದೆ. ಎಚ್ಚರಿಕೆಯ ಮಾತೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಎಂಟಿಯು, ಎಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಪಿಂಗ್ ಆಗುತ್ತದೆ, ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ‘ಕ್ಯಾಟ್’ ಮಾಡಿದ ಕೂಡಲೇ ತೆರೆ ಮರಗಟ್ಟುತ್ತದೆ. ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್‌ಗೆ ತನ್ನದು 32, ಯುಡಿಪಿಯದು 8, ಐಪಿವಿ4 ಆದರೆ 20, ಐಪಿವಿ6 ಆದರೆ 40 ಬೈಟ್ ಸೇರಿಸುತ್ತದೆ. ಒಟ್ಟು 60 ಅಥವಾ 80. ಟನಲ್ ಎಬ್ಬಿಸುವ ಸ್ಕ್ರಿಪ್ಟ್ ಡಬ್ಲ್ಯುಜಿ-ಕ್ವಿಕ್ (wg-quick) ದೊಡ್ಡದನ್ನೇ ಹಿಡಿದು 1500ರಿಂದ 80 ಕಳೆದು 1420 ಇಡುತ್ತದೆ. ಅದಕ್ಕೆ ಕಾಣುವುದು ತನ್ನ ಕಾರ್ಡ್‌ನ 1500 ಮಾತ್ರ. ಮುಂದಿನ ರೌಟರ್‌ನಲ್ಲಿ 1492 ಎಂಟಿಯುವಿನ ಪಿಪಿಪಿಓಇ (ಬ್ರಾಡ್‌ಬ್ಯಾಂಡ್ ಸಂಪರ್ಕದ ಒಂದು ಬಗೆ) ಇರುವುದು ಕಾಣದು. ಹೊರಗೆ ಐಪಿವಿ4 ಇದ್ದರೆ 1480 ಆಗಿ ತೂರಿಕೊಳ್ಳುತ್ತದೆ. ಐಪಿವಿ6 ಆದರೆ ಸರಿಯಾಗಿ 1500, ಎಂಟು ಬೈಟ್ ಹೆಚ್ಚು, ಐಪಿವಿ6 ರೌಟರ್ ತುಂಡರಿಸುವುದೂ ಇಲ್ಲ. ಹೀಗಾಗಿ ‘ಪಿಪಿಪಿಓಇಗೆ 1412 ಹಾಕಿ’ ಎಂಬ ಸಲಹೆ ಅರ್ಧ ಸತ್ಯ.

ಊಹಿಸುವ ಬದಲು ಅಳೆಯಿರಿ. ಟನಲ್‌ನ ಆಚೆ ತುದಿಗೆ, ತುಂಡರಿಸಬೇಡ ಎನ್ನುವ ‘-ಎಂ ಡೂ’ (-M do) ಸೇರಿಸಿ, ‘-ಎಸ್ 1392’ (-s 1392) ಗಾತ್ರದಲ್ಲಿ ಪಿಂಗ್ ಮಾಡಿ. ಉತ್ತರ ಬರುವವರೆಗೆ ಇಳಿಸುತ್ತ ಹೋಗಿ, ಸಿಕ್ಕ ಸಂಖ್ಯೆಗೆ ಐಪಿವಿ4 ಮತ್ತು ಪಿಂಗ್ ಹೆಡರ್‌ಗಳ 28 ಸೇರಿಸಿ, ಎರಡೂ ತುದಿಯಲ್ಲಿ ಎಂಟಿಯು ಎಂದು ಬರೆಯಿರಿ. ಒಂದೇ ತುದಿಯಲ್ಲಿ ಬದಲಿಸಿದರೆ ಅಪ್‌ಲೋಡ್ ಸರಿಹೋಗಿ ಡೌನ್‌ಲೋಡ್ ನಿಂತೇ ಇರಬಹುದು.

ದಾಖಲೆ ಓದುವಾಗ ನೆನಪಿರಲಿ, ಮ್ಯಾನ್ ಪೇಜ್ ಎರಡಿವೆ. ಕಾನ್ಫಿಗ್ ಫೈಲ್‌ನ ಅಡ್ರೆಸ್, ಡಿಎನ್‌ಎಸ್, ಎಂಟಿಯು, ಪೋಸ್ಟ್‌ಅಪ್ ಇವೆಲ್ಲ ಡಬ್ಲ್ಯುಜಿ-ಕ್ವಿಕ್‌ನವು; ಡಬ್ಲ್ಯುಜಿಗೆ ಅವು ಗೊತ್ತೇ ಇಲ್ಲ. ಅದೇ ಫೈಲನ್ನು ‘ಡಬ್ಲ್ಯುಜಿ ಸಿಂಕ್‌ಕಾನ್ಫ್’ಗೆ ಕೊಟ್ಟರೆ ಅಡ್ರೆಸ್ ಸಾಲಿನಲ್ಲೇ ಎಡವುತ್ತದೆ. ಮೊದಲು ಅಂಥ ಸಾಲುಗಳನ್ನು ತೆಗೆಯುವ ‘ಡಬ್ಲ್ಯುಜಿ-ಕ್ವಿಕ್ ಸ್ಟ್ರಿಪ್’ ಮಾಡಿ, ಅದರ ಔಟ್‌ಪುಟ್ ಕೊಡಿ. ನಡೆಯುತ್ತಿರುವ ಟನಲ್ ಕಡಿಯದೆ ಹೊಸ ಪೀರ್ ಸೇರುತ್ತದೆ. ಸೇವ್‌ಕಾನ್ಫಿಗ್ ‘ಟ್ರೂ’ ಇದ್ದರೆ ಮಾತ್ರ ಜೋಕೆ. ನೀವು ಕೈಯಾರೆ ತಿದ್ದಿದ ಫೈಲ್ ಮೇಲೆ ಇಂಟರ್ಫೇಸ್ ಇಳಿಸುವಾಗ ಅದು ತನ್ನ ಹಳೇ ಸ್ಥಿತಿಯನ್ನೇ ಬರೆದುಬಿಡುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಬಾಯಿ ಬಿಡಿಸಲು ದಾರಿಯಿದೆ. ಕರ್ನಲ್‌ನಲ್ಲಿ ಒಳಗಿನ ಸಂದೇಶಗಳನ್ನು ಬೇಕಾದಾಗ ಹೊರಡಿಸುವ ಡೈನಮಿಕ್ ಡೀಬಗ್ ಸೌಲಭ್ಯ ಸೇರಿದ್ದರೆ, ಡೀಬಗ್‌ಎಫ್‌ಎಸ್ ಅಡಿಯ ಅದರ ಕಂಟ್ರೋಲ್ ಫೈಲ್‌ಗೆ ರೂಟ್ ಆಗಿ ‘ಮಾಡ್ಯೂಲ್ ವೈರ್‌ಗಾರ್ಡ್ +ಪಿ’ ಎಂದು ಎಕೋ ಮಾಡಿ, ಕರ್ನಲ್ ಸಂದೇಶ ತೋರಿಸುವ ‘ಡಿಮೆಸೆಜ್ -ಡಬ್ಲ್ಯು’ (dmesg -w) ತೆರೆದಿಡಿ. ಯಾವ ಪೀರ್‌ನ ಹ್ಯಾಂಡ್‌ಶೇಕ್ ಎಷ್ಟನೇ ಸಲ ಸೋತಿತು ಎಂಬುದು ಸಾಲುಸಾಲಾಗಿ ಬರುತ್ತದೆ. ಕೆಲಸ ಆದ ಮೇಲೆ ಅದೇ ಸಾಲನ್ನು ‘-ಪಿ’ ಹಾಕಿ ಕೊಡಿ.